ಕ್ಲಿನಿಕಲ್ ಟ್ರಯಲ್ ದತ್ತಾಂಶ ನಿರ್ವಹಣೆ ಮತ್ತು ರೋಗಿಯ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಔಷಧವನ್ನೋ ಚಿಕಿತ್ಸಾ ವಿಧಾನವನ್ನೋ ಮನುಷ್ಯರಲ್ಲಿ ಪರೀಕ್ಷಿಸುವಾಗ ಸಂಗ್ರಹವಾಗುವ ಮಾಹಿತಿಯನ್ನು ಯಾರು ನೋಡುತ್ತಾರೆ, ಹೇಗೆ ಕಾಪಾಡುತ್ತಾರೆ, ಅದರಲ್ಲಿ ಲೋಪವಾದರೆ ರೋಗಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ರೋಗಿಗಳೂ ಅವರ ಮನೆಯವರೂ ವೈದ್ಯಕೀಯ ವಿದ್ಯಾರ್ಥಿಗಳೂ ಆಗಾಗ ಕೇಳುತ್ತಾರೆ. ಅವುಗಳಲ್ಲಿ ಮುಖ್ಯವಾದವನ್ನು ಇಲ್ಲಿ ಒಂದೆಡೆ ಉತ್ತರಿಸಲಾಗಿದೆ.

ದತ್ತಾಂಶ ನಿರ್ವಹಣೆ ಎಂದರೆ ಯಾವ ಕೆಲಸ?

ಪ್ರಯೋಗಕ್ಕೆ ಒಪ್ಪಿ ಬಂದ ಪ್ರತಿಯೊಬ್ಬರ ರಕ್ತದೊತ್ತಡ, ಪ್ರಯೋಗಾಲಯದ ವರದಿ, ಕೊಟ್ಟ ಔಷಧದ ಪ್ರಮಾಣ ಮತ್ತು ಸಮಯ, ಕಾಣಿಸಿಕೊಂಡ ತೊಂದರೆಗಳು, ಜೊತೆಯಲ್ಲಿ ಸೇವಿಸುತ್ತಿರುವ ಬೇರೆ ಔಷಧಗಳು ಮುಂತಾದ ಎಲ್ಲವನ್ನೂ ಒಂದೇ ಕ್ರಮದಲ್ಲಿ ಸಂಗ್ರಹಿಸಿ, ಪರಿಶೀಲಿಸಿ, ತಪ್ಪು ಕಂಡಲ್ಲಿ ಮೂಲ ದಾಖಲೆಗೇ ಹೋಗಿ ಸರಿಪಡಿಸಿ, ಕೊನೆಗೆ ಅಂಕಿಅಂಶ ತಜ್ಞರ ಕೈಗೆ ಒಪ್ಪಿಸುವವರೆಗಿನ ಕೆಲಸವನ್ನು ದತ್ತಾಂಶ ನಿರ್ವಹಣೆ ಎನ್ನುತ್ತಾರೆ. ಈ ಕೆಲಸ ಮೊದಲ ರೋಗಿ ಬರುವುದಕ್ಕೆ ಬಹಳ ಮುಂಚೆಯೇ ಆರಂಭವಾಗುತ್ತದೆ. ಪ್ರಯೋಗದ ಯೋಜನೆಯನ್ನು, ಅಂದರೆ ಪ್ರೋಟೊಕಾಲ್ ಅನ್ನು, ಮುಂದಿಟ್ಟುಕೊಂಡು ಪ್ರತಿ ಭೇಟಿಯಲ್ಲಿ ಏನನ್ನು ಕೇಳಬೇಕು, ಏನನ್ನು ಅಳೆಯಬೇಕು, ಯಾವ ಏಕಮಾನದಲ್ಲಿ ಬರೆಯಬೇಕು ಎಂದು ತೀರ್ಮಾನಿಸಿ ಕೇಸ್ ರಿಪೋರ್ಟ್ ಫಾರ್ಮ್ ಎಂಬ ನಮೂನೆಯನ್ನು ಸಿದ್ಧಪಡಿಸಬೇಕು. ಇಡೀ ಕೆಲಸದಲ್ಲಿ ಅತ್ಯಂತ ಜವಾಬ್ದಾರಿಯ ಹಂತ ಇದೇ ಎಂಬುದು ಈ ಲೇಖಕರ ನಂಬಿಕೆ, ಏಕೆಂದರೆ ನಮೂನೆಯಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೆ ಸಾವಿರಾರು ರೋಗಿಗಳು ಬಂದು ಹೋದ ಮೇಲೂ ಉತ್ತರ ಇರುವುದಿಲ್ಲ.

ಇದು ಕಚೇರಿಯ ಕೆಲಸವಲ್ಲವೇ? ರೋಗಿಯ ಆರೈಕೆಗೂ ಇದಕ್ಕೂ ಏನು ಸಂಬಂಧ?

ಈ ಪ್ರಶ್ನೆಗೆ 2016ರ ಜನವರಿಯಲ್ಲಿ ಫ್ರಾನ್ಸ್‌ನ ರೆನ್ ನಗರದಲ್ಲಿ ನಡೆದ ಘಟನೆಗಿಂತ ಸ್ಪಷ್ಟವಾದ ಉತ್ತರ ಬೇರೆ ಬೇಕಿಲ್ಲ. ಬಿಐಎ 10-2474 ಎಂಬ ಔಷಧವನ್ನು ಮೊದಲ ಬಾರಿಗೆ ಮನುಷ್ಯರಿಗೆ ಕೊಟ್ಟು ನೋಡುತ್ತಿದ್ದ ಪ್ರಯೋಗ ಅದು. ದಿನವೂ ಆ ಔಷಧವನ್ನು ಪಡೆಯುತ್ತಿದ್ದ ಗುಂಪಿನಲ್ಲಿದ್ದ ಆರೋಗ್ಯವಂತ ಸ್ವಯಂಸೇವಕರೊಬ್ಬರು 10ನೆಯ ತಾರೀಖಿನ ಸಂಜೆ ಅಸ್ವಸ್ಥರಾಗಿ ಆಸ್ಪತ್ರೆ ಸೇರಿದರು. ಮರುದಿನ ಬೆಳಿಗ್ಗೆ ಅದೇ ಗುಂಪಿನ ಉಳಿದವರಿಗೆ ಎಂದಿನಂತೆ ಮುಂದಿನ ಡೋಸ್ ಕೊಡಲಾಯಿತು. ಆಸ್ಪತ್ರೆ ಸೇರಿದ್ದ ವ್ಯಕ್ತಿ ಕೆಲವೇ ದಿನಗಳಲ್ಲಿ ತೀರಿಕೊಂಡರು, ಉಳಿದವರಲ್ಲೂ ಕೆಲವರಿಗೆ ಮಿದುಳಿನ ತೊಂದರೆಗಳು ಕಾಣಿಸಿಕೊಂಡವು. ನಂತರ ನಡೆದ ಸರ್ಕಾರಿ ತನಿಖೆಯು, ಆಸ್ಪತ್ರೆ ಸೇರಿದವರ ಸ್ಥಿತಿ ಹೇಗಿದೆ ಎಂದು ಖಚಿತಪಡಿಸಿಕೊಳ್ಳದೆಯೇ ಇತರರಿಗೆ ಔಷಧ ಕೊಟ್ಟದ್ದನ್ನು ಗಂಭೀರ ಲೋಪವೆಂದು ಎತ್ತಿ ತೋರಿಸಿತು.

ಒಂದು ರಾತ್ರಿಯ ಅಂತರದಲ್ಲಿ ಒಂದು ಮಾಹಿತಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಿ, ಅದನ್ನು ಓದಿದವರು ಬೆಳಗಿನ ಡೋಸ್ ತಡೆಹಿಡಿಯಬೇಕಾಗಿತ್ತು. ಇಂಥ ಸನ್ನಿವೇಶದಲ್ಲಿ ದಾಖಲೆಯ ಕೆಲಸ ಯಾವುದು, ಆರೈಕೆಯ ಕೆಲಸ ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ. ಹಾಸಿಗೆಯ ಬಳಿ ಕಂಡದ್ದು ನಿರ್ಧಾರ ತೆಗೆದುಕೊಳ್ಳುವವರಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು, ದಾರಿಯಲ್ಲಿ ಎಷ್ಟು ಕಳೆದುಹೋಯಿತು ಎಂಬುದೇ ಇಲ್ಲಿ ಆರೈಕೆಯ ಅಳತೆ. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿಗೇ ಮತ್ತೆ ಮತ್ತೆ ಬಂದು ನಿಲ್ಲುತ್ತವೆ.

ರೋಗಿಗೆ ಗಂಭೀರ ತೊಂದರೆಯಾದರೆ ಮಾಹಿತಿ ಎಷ್ಟು ಬೇಗ ಹೋಗಬೇಕು?

ಸಾವು, ಪ್ರಾಣಾಪಾಯ, ಆಸ್ಪತ್ರೆಗೆ ದಾಖಲಾಗಬೇಕಾದ ಸ್ಥಿತಿ, ಶಾಶ್ವತ ಅಂಗವೈಕಲ್ಯ, ಹುಟ್ಟುವ ಮಗುವಿನಲ್ಲಿ ನ್ಯೂನತೆ, ಇವುಗಳನ್ನು ಗಂಭೀರ ಪ್ರತಿಕೂಲ ಘಟನೆಗಳೆಂದು ಪರಿಗಣಿಸಲಾಗುತ್ತದೆ. ಸಂಶೋಧಕ ವೈದ್ಯರು ಇಂಥ ಘಟನೆಯನ್ನು ತಿಳಿದ ಕೂಡಲೇ, ಸಾಮಾನ್ಯವಾಗಿ 24 ಗಂಟೆಯೊಳಗೆ, ಪ್ರಯೋಗದ ಹೊಣೆ ಹೊತ್ತ ಪ್ರಾಯೋಜಕ ಸಂಸ್ಥೆಗೆ ತಿಳಿಸಬೇಕು. ಘಟನೆಯು ಔಷಧದಿಂದಲೇ ಆಗಿರಬಹುದೆಂಬ ಶಂಕೆಯಿದ್ದು, ಮೊದಲೇ ತಿಳಿದಿದ್ದ ಅಡ್ಡಪರಿಣಾಮಗಳಲ್ಲಿ ಅದು ಸೇರಿಲ್ಲವಾದರೆ, ಪ್ರಾಯೋಜಕರು ಔಷಧಗಳ ಮೇಲೆ ನಿಗಾ ಇಡುವ ಸರ್ಕಾರಿ ನಿಯಂತ್ರಣ ಪ್ರಾಧಿಕಾರಕ್ಕೆ ವರದಿ ಮಾಡಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾವು ಅಥವಾ ಪ್ರಾಣಾಪಾಯದ ಪ್ರಕರಣಗಳಿಗೆ 7 ದಿನ, ಉಳಿದ ಗಂಭೀರ ಪ್ರಕರಣಗಳಿಗೆ 15 ದಿನಗಳ ಗಡುವಿದೆ.

ಇಲ್ಲಿ ಹೊರಗಿನವರ ಕಣ್ಣಿಗೆ ಬೀಳದ ಒಂದು ತೊಡಕು ಇದೆ. ಗಂಭೀರ ಘಟನೆಗಳ ವರದಿ ಸುರಕ್ಷತಾ ವಿಭಾಗದ ದತ್ತಸಂಚಯಕ್ಕೆ, ಅಂದರೆ ಡೇಟಾಬೇಸಿಗೆ, ಹೋಗುತ್ತದೆ, ಅದೇ ಘಟನೆ ನಮೂನೆಯ ಮೂಲಕ ಪ್ರಯೋಗದ ದತ್ತಸಂಚಯಕ್ಕೂ ಬರುತ್ತದೆ. ಒಂದರಲ್ಲಿ ಹೃದಯಾಘಾತವೆಂದೂ ಇನ್ನೊಂದರಲ್ಲಿ ಎದೆನೋವೆಂದೂ ಇದ್ದರೆ, ಅಥವಾ ಒಂದರಲ್ಲಿ ಇರುವ ಘಟನೆ ಇನ್ನೊಂದರಲ್ಲಿ ಇಲ್ಲವೇ ಇಲ್ಲವಾದರೆ, ಔಷಧದ ಅಪಾಯ ಕಡಿಮೆಯಾಗಿ ಕಾಣುತ್ತದೆ. ಆದ್ದರಿಂದ ಎರಡನ್ನೂ ನಿಯತವಾಗಿ ಪಕ್ಕಪಕ್ಕ ಇಟ್ಟು ತಾಳೆ ನೋಡಲಾಗುತ್ತದೆ. ಬೇರೆ ಬೇರೆ ದೇಶಗಳ ವೈದ್ಯರು ಬೇರೆ ಬೇರೆ ಮಾತಿನಲ್ಲಿ ಬರೆದ ತೊಂದರೆಗಳನ್ನು ಒಂದೇ ಹೆಸರಿನಡಿ ಎಣಿಸಲು ಮೆಡ್‌ಡ್ರಾ ಎಂಬ ಪದಕೋಶವನ್ನು ಬಳಸುತ್ತಾರೆ. ಬೇಸರ ತರಿಸುವ ಈ ತಾಳೆ ನೋಡುವಿಕೆಯನ್ನು ಯಾರಾದರೂ ಆತುರದಲ್ಲಿ ಮುಗಿಸಿದರೆ ಅದರ ಬೆಲೆಯನ್ನು ತೆರುವವರು ಮುಂದೆ ಆ ಔಷಧ ಸೇವಿಸುವ ರೋಗಿಗಳು.

ಯಾರಿಗೆ ಯಾವ ಔಷಧವೆಂದು ವೈದ್ಯರಿಗೇ ಗೊತ್ತಿಲ್ಲದಿದ್ದರೆ ಅಪಾಯವನ್ನು ಗುರುತಿಸುವವರು ಯಾರು?

ಚಿಕಿತ್ಸೆಯ ಬಗೆಗಿನ ನಿರೀಕ್ಷೆ ನೋಟವನ್ನು ಬಾಗಿಸಬಾರದೆಂಬ ಕಾರಣಕ್ಕೆ ಅನೇಕ ಪ್ರಯೋಗಗಳಲ್ಲಿ ಯಾರು ಹೊಸ ಔಷಧ ಪಡೆಯುತ್ತಿದ್ದಾರೆ, ಯಾರು ಪ್ಲಾಸಿಬೊ, ಅಂದರೆ ಔಷಧದಂತೆಯೇ ಕಾಣುವ ಆದರೆ ಔಷಧವಿಲ್ಲದ ಪದಾರ್ಥ, ಪಡೆಯುತ್ತಿದ್ದಾರೆ ಎಂಬುದನ್ನು ರೋಗಿಗೂ ವೈದ್ಯರಿಗೂ ತಿಳಿಸುವುದಿಲ್ಲ. ಈ ಎಚ್ಚರ ಹಳೆಯದು. ಬ್ರಿಟನ್‌ನ ವೈದ್ಯಕೀಯ ಸಂಶೋಧನಾ ಮಂಡಳಿ ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 107 ರೋಗಿಗಳಿದ್ದರು. ಅವರ ಎಕ್ಸ್‌ರೇ ಓದಿದ ತಜ್ಞರಿಗೆ ಅದು ಯಾವ ಗುಂಪಿನವರ ಎಕ್ಸ್‌ರೇ ಎಂಬುದು ತಿಳಿದಿರಲಿಲ್ಲ.

ಹಾಗಿದ್ದರೂ ಯಾರಾದರೊಬ್ಬರು ನೋಡುತ್ತಿರಲೇಬೇಕು. ಅದಕ್ಕಾಗಿ ಪ್ರಯೋಗ ನಡೆಸುವವರಿಂದ ಸ್ವತಂತ್ರವಾದ ದತ್ತಾಂಶ ಮತ್ತು ಸುರಕ್ಷತಾ ಮೇಲ್ವಿಚಾರಣಾ ಸಮಿತಿ ಇರುತ್ತದೆ. ಎರಡು ಗುಂಪುಗಳ ಅಂಕಿಅಂಶಗಳನ್ನು ಬೇರ್ಪಡಿಸಿ ಕಾಲಕಾಲಕ್ಕೆ ನೋಡುವ ಅಧಿಕಾರ ಅದಕ್ಕೆ ಮಾತ್ರ. ಈ ಸಮಿತಿಯ ಮಹತ್ವ ಅರಿಯಲು ಅಮೆರಿಕದ ಕಾಸ್ಟ್ ಪ್ರಯೋಗವನ್ನು ನೆನೆಯಬೇಕು. ಹೃದಯಾಘಾತವಾದವರಲ್ಲಿ ಹೃದಯದ ಬಡಿತ ನಡುನಡುವೆ ತಪ್ಪುವುದು ಹಠಾತ್ ಸಾವಿನ ಮುನ್ಸೂಚನೆಯೆಂದು ತಿಳಿದಿದ್ದರಿಂದ, ಆ ತಪ್ಪುಬಡಿತವನ್ನು ಅಡಗಿಸುವ ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಗಳು ಜೀವ ಉಳಿಸುತ್ತವೆ ಎಂದು ವೈದ್ಯರು ನಂಬಿದ್ದರು. ಇಸಿಜಿಯಲ್ಲಿ ಬಡಿತ ಸರಿಹೋಗುತ್ತಿತ್ತು, ರೋಗಿಗೂ ಸಮಾಧಾನ, ವೈದ್ಯರಿಗೂ ಸಮಾಧಾನ. ಪ್ರಯೋಗದ ದತ್ತಾಂಶ ಬೇರೆಯದೇ ಹೇಳುತ್ತಿತ್ತು. 1989ರ ಏಪ್ರಿಲ್‌ನಲ್ಲಿ ಸಮಿತಿಯ ಸಲಹೆಯಂತೆ ಆ ಎರಡು ಔಷಧಗಳ ಭಾಗವನ್ನು ನಿಲ್ಲಿಸಲಾಯಿತು. 1991ರಲ್ಲಿ ಪ್ರಕಟವಾದ ಅಂತಿಮ ಲೆಕ್ಕದಲ್ಲಿ 1498 ರೋಗಿಗಳ ಪೈಕಿ ಔಷಧ ಪಡೆದವರಲ್ಲಿ 63 ಮಂದಿಯೂ ಪ್ಲಾಸಿಬೊ ಪಡೆದವರಲ್ಲಿ 26 ಮಂದಿಯೂ ಸತ್ತಿದ್ದರು, ಎರಡೂ ಗುಂಪುಗಳು ಹೆಚ್ಚುಕಡಿಮೆ ಒಂದೇ ಗಾತ್ರದವು.

ಯಾವುದೇ ಒಂದು ಆಸ್ಪತ್ರೆಯ ಯಾವ ವೈದ್ಯರಿಗೂ ಈ ವ್ಯತ್ಯಾಸ ಕಾಣುವಂತಿರಲಿಲ್ಲ, ಏಕೆಂದರೆ ಹೃದಯಾಘಾತವಾದ ರೋಗಿಯೊಬ್ಬರು ಕೆಲವು ತಿಂಗಳ ನಂತರ ಸಾಯುವುದು ಯಾರಿಗೂ ಅನಿರೀಕ್ಷಿತವೆನಿಸುವುದಿಲ್ಲ. ಎಲ್ಲ ಕೇಂದ್ರಗಳ ಸಾವುಗಳ ಮಾಹಿತಿ ಸಕಾಲದಲ್ಲಿ, ಸರಿಯಾದ ಗುಂಪಿನ ಕೆಳಗೆ, ಒಂದೆಡೆ ಸೇರಿದ್ದರಿಂದಲೇ ಅದು ಕಂಡಿತು. ಸಮಿತಿ ಎಷ್ಟೇ ಅನುಭವಿಗಳದ್ದಾಗಿರಲಿ, ಆರು ತಿಂಗಳ ಹಳೆಯ ದತ್ತಾಂಶ ಕೈಗೆ ಸಿಕ್ಕರೆ ಅದು ಆರು ತಿಂಗಳ ಹಿಂದಿನ ರೋಗಿಗಳನ್ನು ಮಾತ್ರ ನೋಡಬಲ್ಲದು.

ತುರ್ತು ಸಂದರ್ಭದಲ್ಲಿ ನನಗೆ ಕೊಟ್ಟದ್ದು ಯಾವ ಔಷಧವೆಂದು ತಿಳಿಯಲು ಸಾಧ್ಯವೇ?

ಸಾಧ್ಯ. ಚಿಕಿತ್ಸೆ ಮುಂದುವರಿಸಲು ಆ ಮಾಹಿತಿ ಬೇಕೇಬೇಕೆಂದಾದರೆ ವೈದ್ಯರು ಹಗಲಿರಲಿ ರಾತ್ರಿಯಿರಲಿ ಸಂಕೇತವನ್ನು ಬಿಡಿಸಿ ನೋಡುವ ವ್ಯವಸ್ಥೆ ಇರಲೇಬೇಕು. ಯಾರು, ಯಾವಾಗ, ಏಕೆ ಬಿಡಿಸಿದರು ಎಂಬುದು ದಾಖಲಾಗುತ್ತದೆ.

ಕ್ವೆರಿ ಎಂದರೇನು? ಆಸ್ಪತ್ರೆಗೆ ಮತ್ತೆ ಮತ್ತೆ ಅದೇ ಪ್ರಶ್ನೆಗಳನ್ನು ಏಕೆ ಕಳಿಸುತ್ತಾರೆ?

ದಾಖಲಾದ ಮಾಹಿತಿಯಲ್ಲಿ ಅನುಮಾನ ಬಂದಾಗ ದತ್ತಾಂಶ ನಿರ್ವಾಹಕರು ಆಸ್ಪತ್ರೆಯನ್ನು ಕೇಳುವ ಸ್ಪಷ್ಟೀಕರಣಕ್ಕೆ ಕ್ವೆರಿ ಎನ್ನುತ್ತಾರೆ. ಒಂದು ಕೇಂದ್ರದ ಪ್ರಯೋಗಾಲಯ ರಕ್ತದ ಗ್ಲೂಕೋಸ್ ಅನ್ನು ಡೆಸಿಲೀಟರಿಗೆ ಮಿಲಿಗ್ರಾಮ್ ಲೆಕ್ಕದಲ್ಲಿ 99 ಎಂದು ಕೊಡುತ್ತದೆ, ಇನ್ನೊಂದು ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ 5.5 ಎಂದು ಕೊಡುತ್ತದೆ. ಎರಡೂ ಒಂದೇ ಪ್ರಮಾಣ. ಏಕಮಾನವನ್ನು ಬರೆಯಲು ಮರೆತರೆ ಒಬ್ಬ ಆರೋಗ್ಯವಂತರ ರಕ್ತದಲ್ಲಿ ಸಕ್ಕರೆ ಅಪಾಯಕಾರಿಯಾಗಿ ಕುಸಿದಂತೆ ಕಾಣಬಹುದು, ಅದಕ್ಕಿಂತ ಕೆಟ್ಟದ್ದೆಂದರೆ ನಿಜವಾದ ಕುಸಿತವೊಂದು ಏಕಮಾನದ ಗೊಂದಲವೆಂದು ತಳ್ಳಿಹೋಗಬಹುದು. ದಿನಾಂಕಗಳದ್ದೂ ಇದೇ ಕಥೆ: 03/04 ಎಂದು ಬರೆದದ್ದು ಕೆಲವು ದೇಶಗಳಲ್ಲಿ ಏಪ್ರಿಲ್ 3, ಇನ್ನು ಕೆಲವೆಡೆ ಮಾರ್ಚ್ 4. ತಲೆಸುತ್ತು ಔಷಧ ಕೊಟ್ಟ ನಂತರ ಬಂದಿತೇ ಅಥವಾ ಅದಕ್ಕೆ ಮೊದಲೇ ಇತ್ತೇ ಎಂಬ ತೀರ್ಮಾನ ಈ ಒಂದು ದಿನಾಂಕದ ಮೇಲೆ ನಿಂತಿರುತ್ತದೆ. ಈ ಕಾರಣಕ್ಕೆ ತಿಂಗಳನ್ನು ಅಕ್ಷರದಲ್ಲೇ ಬರೆಯುವ ರೂಢಿ ಪ್ರಯೋಗಗಳಲ್ಲಿದೆ.

ಕ್ವೆರಿಗಳು ಹೆಚ್ಚಾದರೆ ನರ್ಸ್‌ಗಳೂ ವೈದ್ಯರೂ ರೋಗಿಯ ಬಳಿ ಕಳೆಯಬೇಕಾದ ಸಮಯವನ್ನು ಕಂಪ್ಯೂಟರ್ ಮುಂದೆ ಕಳೆಯಬೇಕಾಗುತ್ತದೆ ಎಂಬ ದೂರು ನ್ಯಾಯವಾದದ್ದೇ. ರೋಗಿಯ ಸುರಕ್ಷತೆಗೂ ಮುಖ್ಯ ಫಲಿತಾಂಶಕ್ಕೂ ಸಂಬಂಧವಿಲ್ಲದ ಸಣ್ಣ ಅಸಂಗತಿಗಳಿಗೆ ಕ್ವೆರಿ ಕಳಿಸದಿರುವ ವಿವೇಕವೂ ಒಳ್ಳೆಯ ದತ್ತಾಂಶ ನಿರ್ವಹಣೆಯ ಭಾಗ. ಅಂತರರಾಷ್ಟ್ರೀಯ ಉತ್ತಮ ಕ್ಲಿನಿಕಲ್ ಅಭ್ಯಾಸದ ಮಾರ್ಗಸೂಚಿ 1996ರಲ್ಲಿ ಮೊದಲು ಬಂದಾಗಿನಿಂದ ಈಚಿನ ಪರಿಷ್ಕರಣೆಗಳವರೆಗೆ ಸಾಗಿ ಬಂದ ದಿಕ್ಕೂ ಇದೇ. ಎಲ್ಲವನ್ನೂ ಸಮನಾಗಿ ಪರಿಶೀಲಿಸುವ ಬದಲು ಅಪಾಯ ಹೆಚ್ಚಿರುವಲ್ಲಿ ಗಮನ ಹೆಚ್ಚಿಸಿ ಎಂದು ಅವು ಹೇಳುತ್ತವೆ.

ತಪ್ಪನ್ನು ತಿದ್ದಿದಾಗ ಮೊದಲು ಬರೆದದ್ದು ಅಳಿಸಿಹೋಗುತ್ತದೆಯೇ?

ಹೋಗುವುದಿಲ್ಲ, ಹೋಗಲೂಬಾರದು. ಕಾಗದದಲ್ಲಾದರೆ ಹಳೆಯದು ಓದಲು ಸಿಗುವಂತೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ದಿನಾಂಕ ಹಾಕಬೇಕು. ಗಣಕದಲ್ಲಾದರೆ ಹಳೆಯ ಮೌಲ್ಯ, ಹೊಸ ಮೌಲ್ಯ, ತಿದ್ದಿದವರು, ಸಮಯ ಮತ್ತು ಕಾರಣ ಎಲ್ಲವೂ ಆಡಿಟ್ ಟ್ರೇಲ್ ಎಂಬ ಬದಲಾವಣೆಗಳ ದಾಖಲೆಯಲ್ಲಿ ಉಳಿಯುತ್ತವೆ. ಯಾರು ಬರೆದರೆಂದು ತಿಳಿಯಬೇಕು, ಓದಲು ಬರಬೇಕು, ಆದ ಹೊತ್ತಿನಲ್ಲೇ ಬರೆದಿರಬೇಕು, ಮೂಲ ದಾಖಲೆಯಾಗಿರಬೇಕು, ನಿಖರವಾಗಿರಬೇಕು ಎಂಬ ಐದು ಗುಣಗಳನ್ನು ಈ ಕ್ಷೇತ್ರದವರು ಅವುಗಳ ಇಂಗ್ಲಿಷ್ ಮೊದಲಕ್ಷರಗಳಿಂದಾದ ಅಲ್ಕೋವಾ ಎಂಬ ಒಂದೇ ಹೆಸರಿನಲ್ಲಿ ನೆನಪಿಡುತ್ತಾರೆ.

ರೋಗಿ ಸ್ವತಃ ಹೇಳುವ ನೋವು, ಆಯಾಸಗಳಿಗೆ ದತ್ತಾಂಶದಲ್ಲಿ ಜಾಗವಿದೆಯೇ?

ಇದೆ, ಮತ್ತು ಆ ಜಾಗ ದೊಡ್ಡದಾಗುತ್ತಿರುವುದು ಸಂತೋಷದ ಸಂಗತಿ. ನೋವು, ವಾಕರಿಕೆ, ನಿದ್ರಾಹೀನತೆ, ಸುಸ್ತು ಇವುಗಳನ್ನು ಯಾವ ಯಂತ್ರವೂ ಅಳೆಯದು. ರೋಗಿಯೇ ಹೇಳಬೇಕು. ಅದನ್ನು ಸಂಗ್ರಹಿಸುವ ಬಗೆ ಮಾತ್ರ ಎಚ್ಚರ ಬೇಡುತ್ತದೆ. ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ 80 ಮಂದಿಯ ಬಗ್ಗೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ ಕಾಗದದ ದಿನಚರಿ ಕೊಟ್ಟು, ಅದರ ಹೊದಿಕೆಯೊಳಗೆ ಬೆಳಕನ್ನು ಗುರುತಿಸುವ ಸಂವೇದಕವನ್ನು ಇರಿಸಲಾಗಿತ್ತು. ನಿಗದಿತ ಸಮಯಗಳಲ್ಲಿ ಬರೆದೆವೆಂದು ದಿನಚರಿಯಲ್ಲಿ ತೋರಿಸಿದ್ದು ಶೇ 90ರಷ್ಟು, ನಿಜವಾಗಿ ಆ ಸಮಯಕ್ಕೆ ಬರೆದದ್ದು ಶೇ 11ರಷ್ಟು ಮಾತ್ರ. ಉಳಿದದ್ದನ್ನು ನೆನಪಿನಿಂದ ತುಂಬಿಸಿದ್ದರು. ಇದರಲ್ಲಿ ರೋಗಿಗಳನ್ನು ದೂಷಿಸಬೇಕಾದದ್ದು ಏನೂ ಇಲ್ಲ. ನೋವಿನಲ್ಲಿರುವವರಿಗೆ ದಿನಕ್ಕೆ ಮೂರು ಬಾರಿ ಬರೆಯಬೇಕೆಂದು ಹೇಳಿ, ನೆನಪಿಸುವ ಏರ್ಪಾಡನ್ನೇ ಮಾಡದಿದ್ದರೆ ಹೀಗಾಗುವುದು ಸಹಜ. ಸಮಯಕ್ಕೆ ಸರಿಯಾಗಿ ನೆನಪಿಸುವ ವಿದ್ಯುನ್ಮಾನ ದಿನಚರಿ ಬಳಸಿದವರಲ್ಲಿ ಪಾಲನೆ ಶೇ 94ರಷ್ಟಿತ್ತು.

ರೋಗಿಯ ಮಾತು ಸಕಾಲದಲ್ಲಿ ತಲುಪಿದರೆ ಏನಾಗಬಹುದೆಂಬುದಕ್ಕೆ ಇನ್ನೊಂದು ಪ್ರಯೋಗವನ್ನು ಹೇಳಲೇಬೇಕು. ದೇಹದ ಇತರ ಭಾಗಗಳಿಗೆ ಹರಡಿದ ಕ್ಯಾನ್ಸರಿಗೆ ಕಿಮೊಥೆರಪಿ ಪಡೆಯುತ್ತಿದ್ದ 766 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರು 12 ಸಾಮಾನ್ಯ ಲಕ್ಷಣಗಳನ್ನು ಗಣಕದ ಮೂಲಕ ತಾವೇ ದಾಖಲಿಸುವಂತೆ, ಲಕ್ಷಣ ತೀವ್ರವಾದರೆ ಕೂಡಲೇ ನರ್ಸ್‌ಗೆ ಸೂಚನೆ ಹೋಗುವಂತೆ ಏರ್ಪಾಡು ಮಾಡಲಾಯಿತು. 2017ರಲ್ಲಿ ವರದಿಯಾದ ಫಲಿತಾಂಶದಂತೆ ಆ ಗುಂಪಿನ ಬದುಕುಳಿಯುವಿಕೆಯ ಮಧ್ಯಮ ಅವಧಿ (ಅರ್ಧದಷ್ಟು ರೋಗಿಗಳು ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 31.2 ತಿಂಗಳು, ಎಂದಿನ ಆರೈಕೆ ಪಡೆದವರದ್ದು 26.0 ತಿಂಗಳು. ಇಲ್ಲಿ ಹೊಸ ಔಷಧವೇ ಇರಲಿಲ್ಲ. ಬದಲಾದದ್ದು ರೋಗಿಯ ಮಾತು ನರ್ಸ್‌ಗೆ ಮುಟ್ಟುವ ದಾರಿ ಮಾತ್ರ. ದತ್ತಾಂಶದ ವೇಗವೇ ಚಿಕಿತ್ಸೆಯಾದದ್ದನ್ನು ಇಷ್ಟು ನೇರವಾಗಿ ತೋರಿಸುವ ಉದಾಹರಣೆಗಳು ವಿರಳ.

ನಾನು ಮಧ್ಯದಲ್ಲಿ ಹೊರಬಂದರೆ ನನ್ನ ಮಾಹಿತಿ ಏನಾಗುತ್ತದೆ?

ಯಾವ ಹಂತದಲ್ಲಾದರೂ, ಕಾರಣ ಹೇಳದೆಯೂ, ಪ್ರಯೋಗದಿಂದ ಹೊರಬರುವ ಹಕ್ಕು ನಿಮಗಿದೆ, ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ಕುಂದು ಬರುವಂತಿಲ್ಲ. ಅಲ್ಲಿಯವರೆಗೆ ಸಂಗ್ರಹವಾದ ಮಾಹಿತಿಯನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಲಾಗುತ್ತದೆ, ಸಮ್ಮತಿ ಪತ್ರದಲ್ಲಿ ಇದನ್ನು ಮೊದಲೇ ತಿಳಿಸಿರುತ್ತಾರೆ. ಅದನ್ನು ಉಳಿಸಿಕೊಳ್ಳುವುದಕ್ಕೆ ಗಟ್ಟಿಯಾದ ಕಾರಣವಿದೆ. ಔಷಧ ಒಗ್ಗದೆ ಬಿಟ್ಟುಹೋದವರೆಲ್ಲರ ಮಾಹಿತಿಯನ್ನು ಕೈಬಿಟ್ಟರೆ, ಒಗ್ಗಿದವರು ಮಾತ್ರ ಲೆಕ್ಕದಲ್ಲಿ ಉಳಿದು ಔಷಧ ನಿಜಕ್ಕಿಂತ ಸೌಮ್ಯವಾಗಿ ಕಾಣುತ್ತದೆ. ಔಷಧ ನಿಲ್ಲಿಸುವುದು ಬೇರೆ, ಪ್ರಯೋಗದ ಸಂಪರ್ಕವನ್ನೇ ಕಡಿದುಕೊಳ್ಳುವುದು ಬೇರೆ. ಔಷಧ ನಿಲ್ಲಿಸಿದ ಮೇಲೂ ಹೇಗಿದ್ದೀರೆಂದು ಫೋನಿನಲ್ಲಿ ವಿಚಾರಿಸಲು ಒಪ್ಪಿಗೆ ಕೊಟ್ಟರೆ ಮುಂದಿನ ರೋಗಿಗಳಿಗೆ ದೊಡ್ಡ ಉಪಕಾರವಾಗುತ್ತದೆ. ಹಾಗೆಂದು ಅದಕ್ಕಾಗಿ ಯಾರೂ ನಿಮ್ಮನ್ನು ಒತ್ತಾಯಿಸಬಾರದು.

ಹೆಚ್ಚು ಮಾಹಿತಿ ಸಂಗ್ರಹಿಸಿದಷ್ಟೂ ಆರೈಕೆ ಉತ್ತಮವಾಗುತ್ತದೆಯೇ?

ಆಗುವುದಿಲ್ಲ. ಬ್ರಿಟನ್‌ನಲ್ಲಿ 2020ರ ಮಾರ್ಚ್‌ನಲ್ಲಿ ಆರಂಭವಾದ ರಿಕವರಿ ಪ್ರಯೋಗ ಇದಕ್ಕೆ ಸಾಕ್ಷಿ. ಕೋವಿಡ್ ರೋಗಿಗಳಿಂದ ಆಸ್ಪತ್ರೆಗಳು ತುಂಬಿದ್ದ ಕಾಲದಲ್ಲಿ ಅದರ ರೂವಾರಿಗಳು ನಮೂನೆಗಳನ್ನು ಅತಿ ಚಿಕ್ಕದಾಗಿಸಿ, ಉಳಿದ ಮಾಹಿತಿಯನ್ನು ದೇಶದ ಆರೋಗ್ಯ ಸೇವೆಯ ದಾಖಲೆಗಳಿಂದಲೇ ಜೋಡಿಸಿಕೊಂಡರು. ಜೂನ್ 16ರಂದು ಡೆಕ್ಸಾಮೆಥಾಸೋನ್ ಕುರಿತ ಫಲಿತಾಂಶ ಹೊರಬಂತು. ಆ ಔಷಧ ಪಡೆದ 2104 ಮತ್ತು ಎಂದಿನ ಆರೈಕೆ ಪಡೆದ 4321 ರೋಗಿಗಳನ್ನು ಹೋಲಿಸಿದಾಗ, ವೆಂಟಿಲೇಟರ್‌ನಲ್ಲಿದ್ದವರ ಸಾವು ಸುಮಾರು ಮೂರನೆಯ ಒಂದರಷ್ಟೂ, ಆಮ್ಲಜನಕ ಮಾತ್ರ ಪಡೆಯುತ್ತಿದ್ದವರ ಸಾವು ಸುಮಾರು ಐದನೆಯ ಒಂದರಷ್ಟೂ ಕಡಿಮೆಯಾಗಿದ್ದವು. ಆಮ್ಲಜನಕ ಬೇಕಿಲ್ಲದವರಿಗೆ ಪ್ರಯೋಜನ ಕಾಣಲಿಲ್ಲ. ಹಳೆಯದೂ ಅಗ್ಗವೂ ಆದ ಆ ಔಷಧ ಕೂಡಲೇ ಲೋಕದ ಎಲ್ಲೆಡೆ ಬಳಕೆಗೆ ಬಂತು. ಉಸಿರಾಟದ ಬೆಂಬಲ ಎಷ್ಟಿತ್ತು ಎಂಬ ಒಂದು ಅಂಕಣವನ್ನು ಆ ಚಿಕ್ಕ ನಮೂನೆಯಲ್ಲಿ ಜಾಗರೂಕತೆಯಿಂದ ಉಳಿಸಿಕೊಂಡಿದ್ದರಿಂದ ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೂ ತಿಳಿಯಿತು.

ಡೇಟಾಬೇಸ್ ಲಾಕ್ ಏಕೆ ಬೇಕು?

ಎಲ್ಲ ಕ್ವೆರಿಗಳೂ ಮುಗಿದ ಮೇಲೆ ದತ್ತಸಂಚಯವನ್ನು ಬೀಗ ಹಾಕಿದಂತೆ ಮುಚ್ಚಿ, ಅದರ ನಂತರವೇ ಯಾರಿಗೆ ಯಾವ ಚಿಕಿತ್ಸೆ ಸಿಕ್ಕಿತ್ತೆಂಬುದನ್ನು ಬಿಡಿಸಲಾಗುತ್ತದೆ. ಉತ್ತರ ತಿಳಿದ ಮೇಲೆ ಅಂಕಿಗಳನ್ನು ತಿದ್ದುವ ಅವಕಾಶ ಯಾರಿಗೂ ಇರಬಾರದು. ಯಾವ ವಿಶ್ಲೇಷಣೆ ಮಾಡುತ್ತೇವೆಂಬುದನ್ನೂ ಮೊದಲೇ ಬರೆದಿಟ್ಟಿರಬೇಕು. ಹಾಗಿಲ್ಲದಿದ್ದರೆ ಏನಾಗಬಹುದೆಂಬುದನ್ನು 1988ರಲ್ಲಿ ಪ್ರಕಟವಾದ ಐಸಿಸ್-2 ಪ್ರಯೋಗದ ಸಂಶೋಧಕರು ಸೊಗಸಾಗಿ ತೋರಿಸಿಕೊಟ್ಟರು. 17,187 ರೋಗಿಗಳಿದ್ದ ಆ ಪ್ರಯೋಗ ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆಂದು ನಿಸ್ಸಂದೇಹವಾಗಿ ಸ್ಥಾಪಿಸಿತು. ಅದೇ ದತ್ತಾಂಶವನ್ನು ಜನ್ಮರಾಶಿಯ ಪ್ರಕಾರ ವಿಂಗಡಿಸಿದಾಗ ಮಿಥುನ ಮತ್ತು ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ತುಸು ಹಾನಿಯೇ ಆದಂತೆ ಕಂಡಿತು. ಬೇಕಾದಂತೆ ಕತ್ತರಿಸುತ್ತ ಹೋದರೆ ದತ್ತಾಂಶ ಏನನ್ನು ಬೇಕಾದರೂ ಹೇಳುತ್ತದೆಂಬ ಎಚ್ಚರಿಕೆಯಾಗಿಯೇ ಅವರು ಅದನ್ನು ಪ್ರಕಟಿಸಿದ್ದರು.

ಪ್ರಯೋಗದ ಫಲಿತಾಂಶ ಪ್ರಕಟವಾಗದೆ ಉಳಿದರೆ ಅಥವಾ ಅರ್ಧ ಮಾತ್ರ ಪ್ರಕಟವಾದರೆ ರೋಗಿಗೇನು ತೊಂದರೆ?

ತೊಂದರೆ ಪ್ರಾಣದ್ದೇ ಆಗಬಹುದು. ಮೇಲೆ ಹೇಳಿದ ಕಾಸ್ಟ್ ಪ್ರಯೋಗಕ್ಕೂ ಬಹಳ ಮೊದಲು, 1980ರಲ್ಲಿ, ಅದೇ ಬಗೆಯ ಲೊರ್ಕೈನೈಡ್ ಎಂಬ ಔಷಧವನ್ನು ಒಂದು ಸಣ್ಣ ಪ್ರಯೋಗದಲ್ಲಿ ಪರೀಕ್ಷಿಸಲಾಗಿತ್ತು. ಔಷಧ ಪಡೆದವರಲ್ಲಿ 9 ಮಂದಿ, ಪ್ಲಾಸಿಬೊ ಪಡೆದವರಲ್ಲಿ ಒಬ್ಬರು ಸತ್ತಿದ್ದರು. ಸಂಶೋಧಕರು ಅದನ್ನು ಆಕಸ್ಮಿಕವೆಂದುಕೊಂಡರು, ಔಷಧದ ಅಭಿವೃದ್ಧಿಯೂ ಬೇರೆ ಕಾರಣಗಳಿಗಾಗಿ ನಿಂತಿತು, ಫಲಿತಾಂಶ ಪೆಟ್ಟಿಗೆಯಲ್ಲೇ ಉಳಿಯಿತು. 1993ರಲ್ಲಿ ಅದನ್ನು ಪ್ರಕಟಿಸುವಾಗ, ಅಂದೇ ಹೇಳಿದ್ದರೆ ಮುಂದಿನ ಅನಾಹುತಕ್ಕೆ ಅದೊಂದು ಮುನ್ನೆಚ್ಚರಿಕೆಯಾಗುತ್ತಿತ್ತೇನೋ ಎಂದು ಅವರೇ ಒಪ್ಪಿಕೊಂಡರು. ಆ ಪ್ರಾಮಾಣಿಕತೆಗೆ ಗೌರವ ಸಲ್ಲಬೇಕು, ಆದರೆ ನಡುವಿನ ಹದಿಮೂರು ವರ್ಷಗಳನ್ನು ಮರೆಯಲಾಗದು.

ಅರ್ಧ ಪ್ರಕಟಣೆಯ ಉದಾಹರಣೆ ರೊಫೆಕಾಕ್ಸಿಬ್, ಮಾರುಕಟ್ಟೆಯಲ್ಲಿ ವಯಾಕ್ಸ್ ಎಂದು ಹೆಸರಾದ ನೋವುನಿವಾರಕ. ಅದರ ವಿಗರ್ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾದಾಗ ಔಷಧ ಪಡೆದವರಲ್ಲಿ ಸಂಭವಿಸಿದ್ದ ಮೂರು ಹೃದಯಾಘಾತಗಳು ಲೆಕ್ಕದಲ್ಲಿ ಸೇರಿರಲಿಲ್ಲ. ಅವು ನಿಗದಿತ ಕೊನೆಯ ದಿನಾಂಕದ ನಂತರ ಆದವು ಎಂಬುದು ಕೊಟ್ಟ ಕಾರಣ. ಆದರೆ ಹೃದಯದ ಘಟನೆಗಳನ್ನು ಎಣಿಸಲು ಇಟ್ಟುಕೊಂಡಿದ್ದ ಕೊನೆಯ ದಿನಾಂಕ, ಹೊಟ್ಟೆಯ ತೊಂದರೆಗಳನ್ನು ಎಣಿಸಲು ಇಟ್ಟುಕೊಂಡಿದ್ದ ದಿನಾಂಕಕ್ಕಿಂತ ಮುಂಚಿನದಾಗಿತ್ತು. ಹೊಟ್ಟೆಯ ವಿಷಯದಲ್ಲಿ ಔಷಧಕ್ಕೆ ಅನುಕೂಲವಿತ್ತು, ಹೃದಯದ ವಿಷಯದಲ್ಲಿ ಪ್ರತಿಕೂಲ. ಪ್ರಕಟಿಸಿದ ಪತ್ರಿಕೆಯೇ 2005ರ ಡಿಸೆಂಬರ್‌ನಲ್ಲಿ ಈ ಬಗ್ಗೆ ಕಳವಳ ವ್ಯಕ್ತಪಡಿಸಿತು, ಅಷ್ಟರಲ್ಲಿ ಇನ್ನೊಂದು ಪ್ರಯೋಗದಲ್ಲಿ ಹೃದಯದ ಅಪಾಯ ಖಚಿತವಾಗಿ 2004ರ ಸೆಪ್ಟೆಂಬರ್‌ನಲ್ಲಿ ಔಷಧವನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಲಾಗಿತ್ತು. ಎಣಿಕೆಯನ್ನು ಎಂದು ನಿಲ್ಲಿಸುವುದು ಎಂಬ, ನೋಡಲು ತೀರಾ ತಾಂತ್ರಿಕವಾದ ನಿರ್ಧಾರ ಎಷ್ಟು ಭಾರವಾದದ್ದೆಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಪ್ರಮುಖ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಮೊದಲೇ ನೋಂದಣಿಯಾಗದ ಪ್ರಯೋಗಗಳನ್ನು ಪ್ರಕಟಿಸುವುದಿಲ್ಲವೆಂದು 2004ರಲ್ಲಿ ಘೋಷಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿದೆ. ಅಮೆರಿಕದ 2007ರ ಕಾಯ್ದೆ ಅನೇಕ ಪ್ರಯೋಗಗಳ ಫಲಿತಾಂಶವನ್ನು ಸಾರ್ವಜನಿಕ ನೋಂದಣಿಯಲ್ಲಿ ದಾಖಲಿಸುವುದನ್ನು ಕಡ್ಡಾಯ ಮಾಡಿತು. 2022ರ ಜನವರಿಯಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮವು ಜನಸಾಮಾನ್ಯರಿಗೆ ಅರ್ಥವಾಗುವ ಸಾರಾಂಶವನ್ನೂ ಕೇಳುತ್ತದೆ.

ಪ್ರಕಟವಾದ ದತ್ತಾಂಶವೇ ಅನುಮಾನಾಸ್ಪದವಾದರೆ?

2020ರ ಮೇ ತಿಂಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಔಷಧ ಕೋವಿಡ್ ರೋಗಿಗಳಿಗೆ ಅಪಾಯಕಾರಿಯೆಂದು ಹೇಳಿ ಹೆಸರಾಂತ ಪತ್ರಿಕೆಯೊಂದರಲ್ಲಿ ಬಂದ ಲೇಖನ ಇಂಥದ್ದು. ಅದು ಪ್ರಯೋಗವಲ್ಲ, ನೂರಾರು ಆಸ್ಪತ್ರೆಗಳ ದಾಖಲೆಗಳಿಂದ ಸಂಗ್ರಹಿಸಿದ್ದೆಂದು ಹೇಳಲಾದ ವೀಕ್ಷಣಾ ಅಧ್ಯಯನ. ಅದನ್ನು ಆಧರಿಸಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಯೋಗದ ಒಂದು ಭಾಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು. ಮೂಲ ದತ್ತಾಂಶವನ್ನು ಪರಿಶೀಲನೆಗೆ ಒದಗಿಸಲಾಗಲಿಲ್ಲ, ಜೂನ್ 4ರಂದು ಲೇಖನವನ್ನು ಹಿಂಪಡೆಯಲಾಯಿತು. ಆ ಔಷಧದಿಂದ ಕೋವಿಡ್ ರೋಗಿಗಳಿಗೆ ಪ್ರಯೋಜನವಿಲ್ಲವೆಂಬುದು ನಂತರ ಸರಿಯಾದ ಪ್ರಯೋಗಗಳಿಂದ ಸಿದ್ಧವಾಯಿತು, ಆದರೆ ಮೂಲ ತೋರಿಸಲಾಗದ ಅಂಕಿಯ ಮೇಲೆ ರೋಗಿಗಳ ಬಗ್ಗೆ ತೀರ್ಮಾನ ತೆಗೆದುಕೊಳ್ಳುವುದನ್ನು ಆ ಸಂಗತಿ ಸಮರ್ಥಿಸುವುದಿಲ್ಲ.

ಪ್ರಯೋಗದಲ್ಲಿ ಕಂಡ ಪ್ರಯೋಜನ ನನಗೂ ಸಿಗುತ್ತದೆಯೇ?

ಪ್ರಯೋಗದಲ್ಲಿ ಯಾರನ್ನು ಸೇರಿಸಿಕೊಂಡರು, ಯಾರನ್ನು ಹೊರಗಿಟ್ಟರು ಎಂಬುದರ ಮೇಲೆ ಇದು ನಿಂತಿದೆ. 1999ರಲ್ಲಿ ಪ್ರಕಟವಾದ ರೇಲ್ಸ್ ಪ್ರಯೋಗ ತೀವ್ರ ಹೃದಯ ವೈಫಲ್ಯದಲ್ಲಿ ಸ್ಪಿರೊನೊಲ್ಯಾಕ್ಟೋನ್ ಸಾವನ್ನು ತಗ್ಗಿಸುತ್ತದೆಂದು ತೋರಿಸಿತು. ಆ ಪ್ರಯೋಗದಲ್ಲಿ ಮೂತ್ರಪಿಂಡ ಗಣನೀಯವಾಗಿ ಕೆಟ್ಟವರನ್ನು ಹೊರಗಿಟ್ಟಿದ್ದರು, ರಕ್ತದ ಪೊಟ್ಯಾಸಿಯಂ ಅನ್ನು ನಿಯಮಿತವಾಗಿ ನೋಡುತ್ತಿದ್ದರು. ಔಷಧ ವ್ಯಾಪಕ ಬಳಕೆಗೆ ಬಂದ ಮೇಲೆ ಅಷ್ಟು ನಿಗಾ ಎಲ್ಲರಿಗೂ ಸಿಗಲಿಲ್ಲ. ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಪೊಟ್ಯಾಸಿಯಂ ಅತಿಯಾಗಿ ಏರಿ ಆಸ್ಪತ್ರೆ ಸೇರಿದವರೂ ಸತ್ತವರೂ ಹೆಚ್ಚಾದರೆಂದು 2004ರಲ್ಲಿ ವರದಿಯಾಯಿತು. ಔಷಧ ಕೆಟ್ಟದ್ದಾಗಿರಲಿಲ್ಲ, ಇಂದಿಗೂ ಅದು ಬೆಲೆಬಾಳುವ ಔಷಧವೇ. ಅದನ್ನು ಯಾರ ಮೇಲೆ, ಎಂಥ ನಿಗಾದಲ್ಲಿ ಪರೀಕ್ಷಿಸಲಾಗಿತ್ತು ಎಂಬ ಮಾಹಿತಿ ಔಷಧದ ಹೆಸರಿನಷ್ಟು ದೂರ ಪ್ರಯಾಣ ಮಾಡಲಿಲ್ಲ.

ನನ್ನ ಹೆಸರು, ಕಾಯಿಲೆ ಬೇರೆಯವರಿಗೆ ತಿಳಿಯುತ್ತದೆಯೇ?

ಪ್ರಾಯೋಜಕರ ದತ್ತಸಂಚಯದಲ್ಲಿ ನಿಮ್ಮ ಹೆಸರಿನ ಬದಲು ಒಂದು ಸಂಕೇತ ಸಂಖ್ಯೆ ಇರುತ್ತದೆ. ಸಂಖ್ಯೆಯನ್ನು ಹೆಸರಿಗೆ ಜೋಡಿಸುವ ಪಟ್ಟಿ ಆಸ್ಪತ್ರೆಯಲ್ಲೇ ಇರುತ್ತದೆ. ಮೇಲ್ವಿಚಾರಕರು ಮತ್ತು ನಿಯಂತ್ರಣ ಪ್ರಾಧಿಕಾರದವರು ತಾಳೆ ನೋಡಲು ನಿಮ್ಮ ಮೂಲ ಕಡತವನ್ನು ನೋಡಬಹುದು, ಆದರೆ ಗುರುತು ಹೊರಗೆ ಒಯ್ಯುವಂತಿಲ್ಲ. ಅಪರೂಪದ ಕಾಯಿಲೆಯವರ ವಿಷಯದಲ್ಲಿ ಹೆಚ್ಚಿನ ಜಾಗ್ರತೆ ಬೇಕು, ಏಕೆಂದರೆ ಹೆಸರಿಲ್ಲದಿದ್ದರೂ ಹುಟ್ಟಿದ ದಿನಾಂಕ, ಊರು ಮತ್ತು ಕಾಯಿಲೆ ಮೂರೂ ಒಟ್ಟಿಗೆ ಸಿಕ್ಕರೆ ವ್ಯಕ್ತಿಯನ್ನು ಗುರುತಿಸಿಬಿಡಬಹುದು. ದತ್ತಾಂಶವನ್ನು ಇತರ ಸಂಶೋಧಕರೊಂದಿಗೆ ಹಂಚಿಕೊಳ್ಳುವ ಮೊದಲು ಇಂಥ ವಿವರಗಳನ್ನು ತೆಗೆಯಬೇಕು ಅಥವಾ ಮಸುಕುಗೊಳಿಸಬೇಕು.

ಪ್ರಯೋಗ ಮುಗಿದ ಮೇಲೆ ದಾಖಲೆಗಳನ್ನು ಎಷ್ಟು ಕಾಲ ಇಡುತ್ತಾರೆ?

ದೇಶದಿಂದ ದೇಶಕ್ಕೆ ನಿಯಮ ಬೇರೆ. ಯುರೋಪಿಯನ್ ಒಕ್ಕೂಟದಲ್ಲಿ ಪ್ರಯೋಗದ ಮುಖ್ಯ ಕಡತವನ್ನು ಕನಿಷ್ಠ 25 ವರ್ಷ ಇಡಬೇಕು. ನಿಧಾನವಾಗಿ ತಲೆದೋರುವ ಹಾನಿಯ ಬಗ್ಗೆ ಮುಂದೆ ಯಾರಾದರೂ ಪ್ರಶ್ನೆ ಎತ್ತಿದಾಗ ಹಿಂತಿರುಗಿ ನೋಡಲು ಅದು ಬೇಕಾಗುತ್ತದೆ.

ಪ್ರಯೋಗಕ್ಕೆ ಸೇರುವ ಮೊದಲು ದತ್ತಾಂಶದ ಬಗ್ಗೆ ನಾನು ಏನನ್ನು ಕೇಳಬೇಕು?

ಸಮ್ಮತಿ ಪತ್ರಕ್ಕೆ ಸಹಿ ಹಾಕುವ ಮೊದಲು ಸಮಯ ತೆಗೆದುಕೊಂಡು ಕೇಳಿ. ಪ್ರಯೋಗ ಸಾರ್ವಜನಿಕ ನೋಂದಣಿಯಲ್ಲಿದೆಯೇ, ಇದ್ದರೆ ಅದರ ಸಂಖ್ಯೆ ಏನು, ಸ್ವತಂತ್ರ ಸುರಕ್ಷತಾ ಸಮಿತಿ ಇದೆಯೇ ಎಂದು ವಿಚಾರಿಸಿ. ಮನೆಯಲ್ಲಿರುವಾಗ ರಾತ್ರಿ ತೊಂದರೆ ಕಾಣಿಸಿಕೊಂಡರೆ ಯಾರಿಗೆ ಫೋನ್ ಮಾಡಬೇಕು, ಮಾಡಿದ ಕರೆ ಎಲ್ಲಿ ದಾಖಲಾಗುತ್ತದೆ ಎಂಬುದನ್ನು ಬರೆಸಿಕೊಳ್ಳಿ. ಹೊಸ ಅಪಾಯವೊಂದು ಬೇರೆ ಕೇಂದ್ರದಲ್ಲಿ ಪತ್ತೆಯಾದರೆ ನಿಮಗೆ ಹೇಗೆ, ಎಷ್ಟು ದಿನದಲ್ಲಿ ತಿಳಿಸುತ್ತಾರೆ ಎಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಫಲಿತಾಂಶವನ್ನು ನಿಮಗೆ ತಿಳಿಸುತ್ತಾರೆಯೇ ಎಂದೂ ಕೇಳಿ.

ಸೇರಿದ ಮೇಲೆ ನಿಮ್ಮ ಪಾಲಿನದ್ದೂ ಇದೆ. ಜೊತೆಯಲ್ಲಿ ಸೇವಿಸುವ ಪ್ರತಿಯೊಂದು ಔಷಧವನ್ನೂ, ಮನೆಮದ್ದನ್ನೂ ಬಿಡದೆ, ಹೇಳಿ. ಮಾತ್ರೆ ತಪ್ಪಿಸಿದ್ದರೆ ತಪ್ಪಿಸಿದೆನೆಂದೇ ಹೇಳಿ, ಅದಕ್ಕಾಗಿ ಯಾರೂ ಗದರಿಸುವುದಿಲ್ಲ. ಸಣ್ಣದೆಂದು ತೋರಿದ ತಲೆನೋವನ್ನೂ, ಚರ್ಮದ ಮೇಲಿನ ಗಂಧೆಯನ್ನೂ ಅದು ಕಾಣಿಸಿಕೊಂಡ ದಿನ ಮತ್ತು ಹೊತ್ತಿನ ಸಮೇತ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ತಿಳಿಸಿ. ತೊಂದರೆ ಜೋರಾಗಿದ್ದರೆ ಮುಂದಿನ ಭೇಟಿಗೆ ಕಾಯದೆ ಆಗಲೇ ಫೋನ್ ಮಾಡಿ.